ಬನ್ನಿಗಿಡದ ಬಯಲಿನ ರಂಗೋಲಿ

ಹುಬ್ಬಳ್ಳಿ
೧೬-೧-೧೯೯೮

ಚಿ. ಶಾಂಭವಿಗೆ ಬಸಣ್ಣ ಕಾಕಾನ ಆಶೀರ್ವಾದ.

ಇತ್ತ ಎಲ್ಲರೂ ಕ್ಷೇಮ ಎಂದು ಬರೆಯುವುದು ವಾಡಿಕೆ. ನಾನು ಬರೆಯುವುದಿಲ್ಲ. ಬನ್ನಿಗಿಡದ ಬಯಲಿನ ಎದುರಿಗೆ ಮನೆ ಕಟ್ಟಿಸಿಕೊಂಡವನಿಗೆ ಎಲ್ಲಿಯ ಕ್ಷೇಮ? ರವಿವಾರ ಹುಡುಗರ ಕ್ರಿಕೆಟ್ಟು. ಹೋದ ವಾರ ಚೆಂಡು ಕಿಟಕಿಯಿಂದ ಹಾರಿ ಸಾರಿನ ಬೋಗುಣಿಗೆ ಬಿತ್ತು. ಉಳಿದ ದಿನ ಸಂಜೆ ಹುಡುಗಿಯರ ಕಿರುಚಾಟವಂತೆ, ಪಕ್ಕದ ಮನೆಯ ಮುರುಗೆಪ್ಪ ಹೇಳುತ್ತಾನೆ. ಅಮರಗೋಳದ ನನ್ನ ಕಾಳಿನ ಅಂಗಡಿ ಮುಚ್ಚಿ ನಾನು ಮನೆ ಮುಟ್ಟುವಷ್ಟರಲ್ಲಿ ಕತ್ತಲಾಗಿರುತ್ತದೆ, ಅದೊಂದು ಪುಣ್ಯ.

ಈಗ ಮಹಾನಗರಪಾಲಿಕೆಯವರು ಬಯಲನ್ನು ಉದ್ಯಾನ ಮಾಡಲು ಒಪ್ಪಿದ್ದಾರೆ. ಓಣಿಯ ಕಮಿಟಿಗೆ ನಾನೇ ಅಧ್ಯಕ್ಷ. ನಕ್ಷೆ ನೀವೇ ಕೊಡಿ ಎಂದಿದ್ದಾರೆ ನಮ್ಮ ವಾರ್ಡಿನ ಮೆಂಬರರು. ಅಹಮದಾಬಾದಿನಲ್ಲಿ ಕುಳಿತು ಕಂಡವರ ತೋಟಕ್ಕೆಲ್ಲ ನಕ್ಷೆ ಬರೆಯುವ ಅಣ್ಣನ ಮಗಳು ಇರುವಾಗ ನಾನು ಊರ ಮುಂದೆ ಯಾಕೆ ಕೈಚಾಚಲಿ? ನಡುವೆ ಕಾರಂಜಿ, ಸುತ್ತ ಹುಲ್ಲು, ಹಿರಿಯರಿಗೆ ಬೆಂಚು, ಬೀಗ ಇರುವ ಗೇಟು. ಮೂಲೆಯ ಬನ್ನಿಗಿಡ ಹಾಗೇ ಇರಲಿ. ದಸರೆಗೆ ಬನ್ನಿ ತೆಗೆದುಕೊಳ್ಳಲು ಓಣಿಯೆಲ್ಲ ಅಲ್ಲಿಗೇ ಬರುತ್ತದೆ. ಪೇಂಟರ್ ಶಾಬುದ್ದೀನನಿಂದ ಬೋರ್ಡು ಆಗಲೇ ಬರೆಸಿ ಇಟ್ಟಿದ್ದೇನೆ: ‘ಇಲ್ಲಿ ಆಟ ಆಡಬಾರದು.’

ಲಗೂ ಬರೆದು ಕಳಿಸು. ಎಸ್‌ಟಿಡಿ ಫೋನು ಬೇಡ. ಮೀಟರು ಓಡುವುದನ್ನು ನೋಡುತ್ತ ನನಗೆ ಮಾತು ಹೊರಡುವುದಿಲ್ಲ. ಲಕೋಟೆಯಲ್ಲಿ ನಿನ್ನ ಚಿಗವ್ವ ಸಂಕ್ರಾಂತಿಯ ಕುಸುರೆಳ್ಳು ಹಾಕಿದ್ದಾಳೆ.

ನಿನ್ನ ಕಾಕಾ
ಬಸಣ್ಣ


ಅಹಮದಾಬಾದ್
೨೬-೧-೧೯೯೮

ಪ್ರೀತಿಯ ಕಾಕಾ, ಶರಣು.

ಕುಸುರೆಳ್ಳು ಬಂತು. ಅರ್ಧ ಪುಡಿಯಾಗಿತ್ತು, ಪುಡಿಯನ್ನೂ ನೆಕ್ಕಿದೆ.

ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವುದು ನಿಮ್ಮ ಹಳೆಯ ಅಭ್ಯಾಸ. ಉದ್ಯಾನವೇ ಇಲ್ಲ, ಬೋರ್ಡು ತಯಾರು! ಅದಿರಲಿ, ಎಂಟು ದಿನಕ್ಕೊಮ್ಮೆ ನಳ ಬರುವ ಊರಿನಲ್ಲಿ ಕಾರಂಜಿಗೆ ನೀರು ಎಲ್ಲಿಂದ ತರುತ್ತೀರಿ? ಚಿಗವ್ವನ ಹಂಡೆಯಿಂದಲೇ?

ನಕ್ಷೆ ಬರೆಯುತ್ತೇನೆ. ಒಂದೇ ಕರಾರು. ಬಯಲಿನಲ್ಲಿ ಆಡುವ ಮಕ್ಕಳನ್ನು ಕರೆದು, ಉದ್ಯಾನದಲ್ಲಿ ನಿಮಗೆ ಏನು ಬೇಕು ಎಂದು ಕೇಳಿ. ಬೈಯಬಾರದು. ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದು ಕಳಿಸಬೇಕು. ನಮ್ಮ ಕೆಲಸದಲ್ಲಿ ಇದಿಲ್ಲದೆ ಪೆನ್ಸಿಲು ಎತ್ತುವುದಿಲ್ಲ.

ನಿಮ್ಮ
ಶಾಂಭವಿ


ಹುಬ್ಬಳ್ಳಿ
೧೦-೨-೧೯೯೮

ಚಿ. ಶಾಂಭವಿ,

ನಿನ್ನ ಕರಾರಿನ ಪ್ರಕಾರ ವಾನರ ಸೈನ್ಯವನ್ನು ಕರೆದು ಕಟ್ಟೆಯ ಮೇಲೆ ಕೂರಿಸಿ ಕೇಳಿದೆ. ಕೈಗೆಟುಕದ್ದನ್ನೆಲ್ಲ ಕೇಳುತ್ತಾರೆ, ಆಮೇಲೆ ನಿನಗೆ ಬುದ್ಧಿ ಬರುತ್ತದೆ ಎಂದುಕೊಂಡಿದ್ದೆ. ಹುಡುಗರು ಚೆಂಡು ಹೊರಗೆ ಹೋಗದ ಹಾಗೆ ಬಲೆ ಕೇಳಿದರು. ಹುಡುಗಿಯರ ಪರವಾಗಿ ಹೊಳೆವ್ವ ಎಂಬವಳು ಎದ್ದು ನಿಂತಳು. ಒಂಬತ್ತನೇ ಇಯತ್ತೆ, ಕಡ್ಡಿಯಂಥ ಮೈ, ಕಣ್ಣು ಮಾತ್ರ ಇಷ್ಟಗಲ.

“ಕುಡ್ಯಾಕ ಒಂದು ನಳ ಬೇಕ್ರಿ ಸಾವ್ಕಾರ್ರ. ಅರಬಿ ಬದಲಸಾಕ ಚಿಲಕ ಇರೂ ಒಂದು ಖೋಲಿ ಬೇಕ್ರಿ. ಮತ್ತ ನೆಲದಾಗ ಹಳ್ಳ ಇರಬಾರದ್ರಿ, ಬಿದ್ರ ಮೊಣಕಾಲ ಕಿತ್ತು ಬರತಾವು.”

ಅರಬಿ ಎಂದರೆ ಬಟ್ಟೆ, ಹಳ್ಳ ಎಂದರೆ ಸಣ್ಣ ಕಲ್ಲು, ಮರೆತಿದ್ದರೆ ನೆನಪಿರಲಿ. ಅಷ್ಟೇ ಕೇಳಿದ್ದು. ಆಟಕ್ಕೆ ಬಯಲು ಬೇಕು ಎಂದು ಒಬ್ಬರೂ ಬಾಯಿ ಬಿಡಲಿಲ್ಲ. ಕೇಳಲಿಲ್ಲ ಎಂದ ಮೇಲೆ ಬೇಡ ಎಂದೇ ಆಯಿತಲ್ಲ! ಈ ಹೊಳೆವ್ವನ ತಂದೆ ಕಲ್ಲೇಶ ತಾರಿಹಾಳದ ಕಾರ್ಖಾನೆಯಲ್ಲಿ ಕೆಲಸ ಮಾಡುವವನು. ಓಣಿಯ ಕಣ್ಣೆದುರು ಆಡಿದರೆ ಆಡು, ಬೇರೆ ಮೈದಾನಕ್ಕೆ ಕಾಲಿಟ್ಟರೆ ಆಟ ಬಂದ್ ಎಂದಿದ್ದಾನಂತೆ. ಬುದ್ಧಿವಂತ.

ಇನ್ನೊಂದು ವಿಶೇಷ. ಹದಿನೈದು ದಿನದಿಂದ ಬೆಳಗಿನ ಜಾವ ಬಯಲಿನ ನಟ್ಟನಡುವೆ ಯಾರೋ ದೊಡ್ಡ ರಂಗೋಲಿ ಹಾಕುತ್ತಿದ್ದಾರೆ. ರವಿವಾರ ಹಾಕುವುದಿಲ್ಲ, ಸೋಮವಾರ ತಪ್ಪುವುದಿಲ್ಲ. ಯಾರೋ ಶಿವಭಕ್ತರ ಮನೆಯ ಹೆಣ್ಣುಮಕ್ಕಳೇ ಸರಿ, ಏನೋ ಹರಕೆ ಹೊತ್ತಿರಬೇಕು. ಬೆಳಿಗ್ಗೆ ತಿರುಗಾಡಲು ಬರುವ ನಾವೆಲ್ಲ ಅದನ್ನು ತುಳಿಯದೆ ಬಳಸಿ ಹೋಗುತ್ತೇವೆ. ಒಳ್ಳೆಯ ವ್ಯಾಯಾಮ. ನಿನ್ನ ಚಿಗವ್ವನಿಗೆ ಮಾತ್ರ ಭಕ್ತಿಯಿಲ್ಲ, ಹೇಳಿದರೆ ಸೆರಗು ಬಾಯಿಗೆ ಇಟ್ಟುಕೊಂಡು ಒಳಗೆ ಹೋಗುತ್ತಾಳೆ. ಅವಳ ರಂಗೋಲಿ ಬಟ್ಟಲು ಈಚೆಗೆ ವಾರಕ್ಕೊಮ್ಮೆ ಖಾಲಿಯಾಗುತ್ತಿದೆ. ಕೇಳಿದರೆ ಇರುವೆ ಒಯ್ಯುತ್ತವೆ ಎನ್ನುತ್ತಾಳೆ.

ಬಸಣ್ಣ


ಅಹಮದಾಬಾದ್
೧೮-೨-೧೯೯೮

ಪ್ರೀತಿಯ ಕಾಕಾ,

ಬಯಲು ಬೇಕೆಂದು ಮಕ್ಕಳು ಕೇಳಲಿಲ್ಲ ಎಂದು ಬರೆದಿದ್ದೀರಿ. ನಿಮ್ಮ ಅಂಗಡಿ ನಿಮಗೆ ಬೇಕೆಂದು ನೀವು ಯಾರಿಗಾದರೂ ಅರ್ಜಿ ಕೊಟ್ಟಿದ್ದೀರಾ?

ಆ ರಂಗೋಲಿಯ ಬಗ್ಗೆ ಕುತೂಹಲ ಹುಟ್ಟಿದೆ. ಅದರ ಒಂದು ನಕಲು ಬರೆದು ಕಳಿಸಿ. ಬೆಳಿಗ್ಗೆ ಜನ ಯಾವ ದಾರಿಯಲ್ಲಿ ಬಳಸಿ ಹೋಗುತ್ತಾರೆ ಅದನ್ನೂ ಗುರುತು ಮಾಡಿ. ಚಿಗವ್ವನ ಇರುವೆಗಳಿಗೆ ನನ್ನ ನಮಸ್ಕಾರ ಹೇಳಿ.

ಶಾಂಭವಿ


ಹುಬ್ಬಳ್ಳಿ
೨-೩-೧೯೯೮

ಚಿ. ಶಾಂಭವಿ,

ನಕಲು ಜೊತೆಗಿದೆ. ಎರಡು ತುದಿಗೆ ಒಂದೊಂದು ಸಣ್ಣ ಸುತ್ತು. ಎರಡನ್ನೂ ಕೂಡಿಸುವ ಒಂದು ಉದ್ದ ಪಟ್ಟಿ. ಅದಕ್ಕೆ ಅಡ್ಡಲಾಗಿ ಎಂಟು ಪಟ್ಟಿ. ಸುತ್ತಲೂ ಚೌಕಟ್ಟು.

ಬರೆಯುತ್ತ ಬರೆಯುತ್ತ ನನಗೆ ಅರ್ಥ ಹೊಳೆದುಬಿಟ್ಟಿತು. ಒಂದು ಸುತ್ತು ಅಂಗ, ಇನ್ನೊಂದು ಲಿಂಗ. ನಡುವಿನ ಎಂಟು ಪಟ್ಟಿ ನಮ್ಮ ಅಷ್ಟಾವರಣ! ಗುರು, ಲಿಂಗ, ಜಂಗಮ, ಪಾದೋದಕ, ಪ್ರಸಾದ, ವಿಭೂತಿ, ರುದ್ರಾಕ್ಷಿ, ಮಂತ್ರ. ಅಂಗ ಹೋಗಿ ಲಿಂಗವನ್ನು ಕೂಡಬೇಕಾದರೆ ಈ ಎಂಟರ ನಡುವೆಯೇ ಹಾದು ಹೋಗಬೇಕು. ಕಮಿಟಿಯಲ್ಲಿ ಇದನ್ನು ಬಿಡಿಸಿ ಹೇಳಿದೆ. ಮುರುಗೆಪ್ಪ, “ಏ ಬಸಣ್ಣ, ನೀ ಕಾಳಿನ ಅಂಗಡಿ ಬಿಟ್ಟು ಪ್ರವಚನಕ್ಕ ಕುಂದರಬೇಕಾಗಿತ್ತು ನೋಡಪಾ” ಎಂದ.

ಕಾರಂಜಿಯನ್ನು ಬಿಟ್ಟುಕೊಟ್ಟಿದ್ದೇನೆ. ಇಂಥ ಜಾಗದಲ್ಲಿ ನೀರು ಚಿಮ್ಮಿಸುವುದು ತರವಲ್ಲ. ನಡುವೆ ರಂಗೋಲಿಗೆ ಕಾಯಂ ಜಾಗ ಇಟ್ಟು ನಕ್ಷೆ ಮಾಡು.

ಬಸಣ್ಣ


ಅಹಮದಾಬಾದ್
೧೨-೩-೧೯೯೮

ಪ್ರೀತಿಯ ಕಾಕಾ,

ಅಷ್ಟಾವರಣದ ಭಾಗವನ್ನು ಮೂರು ಸಲ ಓದಿದೆ. ನನಗೆ ಎಷ್ಟು ಸಂತೋಷವಾಯಿತೆಂದರೆ ಪಕ್ಕದ ಮೇಜಿನವರು ಏನಾಯಿತೆಂದು ಎದ್ದು ಬಂದರು.

ನಕ್ಷೆ ಇದೆ. ನಡುವೆ ರಂಗೋಲಿ ಅಂಗಳ. ಹುಲ್ಲು ಬೇಡ, ಕಲ್ಲುಹಾಸು ಬೇಡ. ನಮ್ಮ ಕಪ್ಪು ಎರಿ ಮಣ್ಣು ಬಿರುಕು ಬಿಡುತ್ತದೆ, ಅದರ ಮೇಲೆ ಜರಡಿ ಹಿಡಿದ ಕೆಂಪು ಮಣ್ಣು ಹಾಕಿಸಿ. ಬಿಳಿ ಗೆರೆ ಎದ್ದು ಕಾಣುತ್ತದೆ. ಗೆರೆಗಳ ಅಳತೆ ಒಂದು ಬೆರಳೂ ಬದಲಾಗಬಾರದು, ಅಷ್ಟಾವರಣದ ಮರ್ಯಾದೆಯ ಪ್ರಶ್ನೆ. ನೀವೆಲ್ಲ ಬಳಸಿ ನಡೆಯುವ ಜಾಗದಲ್ಲೇ ತಿರುಗಾಡುವ ದಾರಿ. ಬನ್ನಿಗಿಡದ ಸುತ್ತ ಕಟ್ಟೆ, ಅದೇ ನಿಮ್ಮ ಬೆಂಚು. ಒಂದು ನಳ, ಚಿಲಕ ಇರುವ ಒಂದು ಖೋಲಿ. ಬಯಲಿನ ಹಿಂಬದಿಗೆ ಹುಡುಗರ ಬಲೆ. ನಿಮ್ಮ ಸಾರು ಬದುಕಲಿ.

ಶಾಂಭವಿ


ಹುಬ್ಬಳ್ಳಿ
೨೨-೩-೧೯೯೮

ಚಿ. ಶಾಂಭವಿ,

ಭೇಷ್! ನಕ್ಷೆಗೆ ಕಮಿಟಿಯ ಎಲ್ಲರ ಸಹಿ ಬಿತ್ತು, ಪಾಲಿಕೆಗೂ ಮುಟ್ಟಿಸಿದೆ.

ಒಂದು ಮಾತು ಮಾತ್ರ ಎದೆಯಲ್ಲಿ ಚುಚ್ಚುತ್ತಿದೆ. ಬೆಳಿಗ್ಗೆ ಹಾಕಿದ ರಂಗೋಲಿ ನಾನು ರಾತ್ರಿ ಬರುವಷ್ಟರಲ್ಲಿ ಅಳಿಸಿಹೋಗಿರುತ್ತದೆ. ಕಾಲಲ್ಲಿ ಕೆದರಿದ ಗುರುತು. ಆ ಹುಡುಗಿಯರದೇ ಕೆಲಸ! ನಾಳೆ ಅಂಗಡಿ ಮಧ್ಯಾಹ್ನವೇ ಮುಚ್ಚಿ, ಕೋಲು ಹಿಡಿದು ಬನ್ನಿಗಿಡದ ಕೆಳಗೆ ಕೂಡುವವನಿದ್ದೇನೆ. ರಂಗೋಲಿ ಯಾರು ತುಳಿಯುತ್ತಾರೆ, ನಾನೂ ನೋಡುತ್ತೇನೆ.

ಬಸಣ್ಣ


ಅಹಮದಾಬಾದ್
೨೦-೪-೧೯೯೮

ಪ್ರೀತಿಯ ಕಾಕಾ,

ಒಂದು ತಿಂಗಳಾಯಿತು, ನಿಮ್ಮ ಪತ್ರವಿಲ್ಲ. ಬನ್ನಿಗಿಡದ ಕೆಳಗೆ ಕುಳಿತದ್ದು ಏನಾಯಿತು? ಸಿಟ್ಟಾಗಿದ್ದೀರಾ? ಸಿಟ್ಟಾಗಿದ್ದರೆ ಬೈದಾದರೂ ಬರೆಯಿರಿ.

ಶಾಂಭವಿ


ಅಹಮದಾಬಾದ್
೫-೭-೧೯೯೮

ಕಾಕಾ,

ನಕ್ಷೆಯನ್ನು ವಾಪಸು ತೆಗೆದುಕೊಂಡಿರಾ? ಹೌದಾದರೆ ಹೌದು ಎಂದು ಒಂದು ಕಾರ್ಡು ಹಾಕಿ, ಮತ್ತೆ ಕೇಳುವುದಿಲ್ಲ. ಆದರೆ ಹೊಳೆವ್ವನಿಗೆ ಬೇರೆ ಬಯಲಿಲ್ಲ ಎಂದು ನೀವೇ ಬರೆದಿದ್ದಿರಿ. ಅದನ್ನಷ್ಟು ನೆನಪಿಡಿ.

ಶಾಂಭವಿ


ಹುಬ್ಬಳ್ಳಿ
೨-೧೦-೧೯೯೮

ಕಳ್ಳಿ ಶಾಂಭವಿಗೆ,

ನಿನಗೆ ಗೊತ್ತಿತ್ತು. ನಕಲು ನೋಡಿದ ಕೂಡಲೇ ಗೊತ್ತಾಗಿತ್ತು. ಆರು ತಿಂಗಳು ಬರೆಯಲಿಲ್ಲವೆಂದರೆ ಸುಮ್ಮನೆ ಬರೆಯಲಿಲ್ಲ ಎಂದುಕೊಂಡೆಯಾ?

ಆ ದಿನ ಬನ್ನಿಗಿಡ ದೂರವಾಯಿತೆಂದು ರಂಗೋಲಿಯ ತುದಿಗೇ ಕೋಲು ಹಿಡಿದು ಕುಳಿತೆ. ಐದು ಗಂಟೆಗೆ ಹುಡುಗಿಯರು ಬಂದರು. ಹೊಳೆವ್ವ ಹೆಗಲ ಮೇಲೆ ಒಂದು ಕಂಬ ಹೊತ್ತು ನೇರ ನನ್ನ ಹತ್ತಿರ ಬಂದಳು.

“ಸಾವ್ಕಾರ್ರ, ಸ್ವಲ್ಪ ಆ ಕಡೆ ಸರೀತೀರೇನ್ರಿ? ಕಂಬ ಹುಗೀಬೇಕ್ರಿ.”

“ರಂಗೋಲಿ ಐತಿ, ಕಣ್ಣಿಗೆ ಕಾಣೂದಿಲ್ಲೇನು? ತುಳದ್ರ ನೋಡು ಮತ್ತ!”

“ನಾವ ಹಾಕಿದ್ದ್ರಿ ಅದು. ಬೆಳಿಗ್ಗಿ ಮನಿ ಮುಂದ ಹಾಕಿ ಉಳಿದ ಪುಡಿ ತಂದು ಹಾಕ್ತೀವ್ರಿ. ಜಿಲ್ಲಾಕ್ಕ ಆರಿಸೂದೈತಿ, ಗೆರಿ ಹಾಕ್ಕೊಂಡ ಆಡ್ರಿ ಅಂತ ಸಾಲ್ಯಾಗ ಹೇಳ್ಯಾರ್ರಿ. ಪುಡಿ ಸಾಲದ್ದಕ್ಕ ನಿಮ್ಮ ಮನ್ಯಾಗಿನ ಅಮ್ಮಾರು ಕೊಡ್ತಾರ್ರಿ.”

ನನ್ನ ಅಂಗಕ್ಕೊಂದು ಕಂಬ ಹುಗಿದರು, ಲಿಂಗಕ್ಕೊಂದು ಕಂಬ ಹುಗಿದರು. ಎಂಟು ಪಟ್ಟಿಗೆ ಎಂಟು ಹುಡುಗಿಯರು ಹೋಗಿ ಕುಳಿತರು. ಯಾರೋ ಸೀಟಿ ಊದಿದರು. ನನ್ನ ಅಷ್ಟಾವರಣ ಎದ್ದು “ಖೋ” ಎಂದಿತು.

ಭೂಮಿ ಬಾಯಿ ಬಿಟ್ಟರೆ ಇಳಿದು ಹೋಗಬೇಕೆನಿಸಿತು. ಕಮಿಟಿಯ ಮುಂದೆ ಪ್ರವಚನ ಕೊಟ್ಟವನು ನಾನು! ಮರುದಿನವೇ ನಕ್ಷೆ ವಾಪಸು ತರಬೇಕೆಂದು ಪಾಲಿಕೆಯ ಮೆಟ್ಟಿಲವರೆಗೂ ಹೋಗಿದ್ದೆ. ಮೆಟ್ಟಿಲು ಹತ್ತಲಿಲ್ಲ. ಯಾಕೆಂದು ಕೇಳಬೇಡ. ಆ ಹುಡುಗಿ ಕಂಬ ಹಿಡಿದು ಗಿರಕ್ಕನೆ ತಿರುಗಿದ್ದು ಕಣ್ಣ ಮುಂದೆ ಬಂತು. ನಾನು ಹಿಂದೆ ಬಂದೆ, ಅಷ್ಟೇ.

ನಿನ್ನೆ ದಸರೆ. ಬನ್ನಿಗೆ ಹೊಳೆವ್ವ ತನ್ನ ದಂಡು ಕಟ್ಟಿಕೊಂಡು ಮನೆಗೆ ಬಂದಳು. ಬನ್ನಿ ಕೊಟ್ಟವರಿಗೆ ಇಲ್ಲ ಎನ್ನುವ ಹಾಗಿಲ್ಲ, ಜಗಳ ಇದ್ದರೂ ಅಂದು ಮುಗಿಯಬೇಕು. ಎಲೆ ಕೈಗಿಟ್ಟು ಕಾಲು ಮುಟ್ಟಿ, “ಬನ್ನಿ ತಗೊಂಡು ಬಂಗಾರದಂಗ ಇರೋಣ್ರಿ ಅಜ್ಜಾರ” ಎಂದಳು. ಸಾವ್ಕಾರ ಹೋಗಿ ಅಜ್ಜ ಬಂದ. “ಈ ಬಯಲು ಹೋದ್ರ ನನ್ನ ಆಟ ಹೋತ್ರಿ. ಅಪ್ಪಾರು ಬ್ಯಾರೆ ಕಡೆ ಕಳಸಾಂಗಿಲ್ಲ” ಎಂದಳು. ನಾನು ಮಾತು ಕೊಟ್ಟಿದ್ದೇನೆ.

ನಿನ್ನ ಬನ್ನಿ ಇನ್ನೂ ಬಂದಿಲ್ಲ. ಕಿರಿಯರು ಮೊದಲು ಕೊಡಬೇಕು, ಹಿರಿಯರು ಆಮೇಲೆ. ಬರುವವರೆಗೆ ನಾನು ಕಳಿಸುವುದಿಲ್ಲ.

ಬಸಣ್ಣ

(ಕೆಳಗೆ ಬೇರೆ ಕೈಬರಹದಲ್ಲಿ:) ಶಾಂಭವಿ, ನಾ ರತ್ನವ್ವ ಚಿಗವ್ವ. ಇವರು ಖರೇ ಬರದಿಲ್ಲ. ಮಾರ್ಚದಿಂದ ದಿನಾ ಸಂಜೀಕ ಅಂಗಡಿ ಲಗೂ ಮುಚ್ಚಿ ಅಲ್ಲೇ ಕುಂದರತಾರ. ಸಾಲಿ ಸೂಟಿ ಇದ್ದಾಗ ಎರಡು ಹೊತ್ತು. ಮೊನ್ನೆ ಸೀಟಿನೂ ಕೊಂಡು ತಂದಾರ, ದಿಂಬಿನ ಕೆಳಗ ಇಟ್ಕೋತಾರ. ನೀ ನಮ್ಮ ಮನ್ಯಾಗಿದ್ದು ಸಾಲಿ ಕಲಿಯೂ ಮುಂದ ನನ್ನ ರಂಗೋಲಿ ಬಟ್ಟಲು ಹೆಂಗ ಖಾಲಿ ಆಗತಿತ್ತು ಅನ್ನೂದು ಇವರಿಗೆ ಈಗ ಹೇಳೇ ಬಿಟ್ಟೆ.


ಅಹಮದಾಬಾದ್
೧೫-೧೦-೧೯೯೮

ಪ್ರೀತಿಯ ಕಾಕಾ,

ಈ ಊರಿನಲ್ಲಿ ಬನ್ನಿ ಹುಡುಕಿ ಹುಡುಕಿ ಸೋತೆ, ಕೊನೆಗೆ ಒಂದು ಗುಡಿಯ ಹಿಂದೆ ಸಿಕ್ಕಿತು. ಲಕೋಟೆಯಲ್ಲಿದೆ. ಬಂಗಾರದಂಗ ಇರೋಣ್ರಿ.

ನಾನು ಆರು ತಿಂಗಳು ನಿಮ್ಮ ಮೌನವನ್ನು ಸಿಟ್ಟೆಂದು ಓದಿದೆ. ನೀವು ದಿಂಬಿನ ಕೆಳಗೆ ಸೀಟಿ ಇಟ್ಟುಕೊಂಡು ಮಲಗಿದ್ದಿರಿ! ಹೌದು, ನಾನೂ ಆ ಪಟ್ಟಿಯ ಮೇಲೆ ಕುಳಿತವಳೇ, ಮೂರನೆಯದು. ನಿಮ್ಮ ಲೆಕ್ಕದಲ್ಲಿ ಜಂಗಮ. ಅದಕ್ಕೇ ಊರೂರು ತಿರುಗುತ್ತಿದ್ದೇನೆ.

ಕಾಕಾ, ಮಾತು ಕೊಟ್ಟಿದ್ದೀರಿ, ಇನ್ನು ಬಿಡಬೇಡಿ.

ಶಾಂಭವಿ


ಹುಬ್ಬಳ್ಳಿ
೨೦-೧೨-೧೯೯೮

ಚಿ. ಶಾಂಭವಿ,

ಗೆದ್ದೆವು! ಮೊದಲು ಇದನ್ನು ಓದು, ಉಳಿದದ್ದು ಆಮೇಲೆ.

ಮೆಂಬರರು ಕಾರಂಜಿ ಬಿಡಲು ತಯಾರಿರಲಿಲ್ಲ. ಹೋದ ತಿಂಗಳ ಸಭೆಯಲ್ಲಿ, “ಸಾವ್ಕಾರ್ರ, ಕಾರಂಜಿ ಮೊದಲ ಕೇಳಿದವರ ನೀವಲ್ರಿ?” ಎಂದು ನನ್ನನ್ನೇ ಹಿಡಿದರು.

“ಕೇಳಿದ್ದೆ. ಕಾರಂಜಿ ಬಂದ್ ಬಿದ್ರ ಸೊಳ್ಳಿ ಸಾಕಬೇಕ್ರಿ. ಈ ಹುಡುಗ್ಯಾರು ಬಂದ್ ಬೀಳೂವ್ರಲ್ಲ” ಎಂದೆ. ಕಮಿಟಿಗೂ ಹೇಳಿದೆ, ಅದು ಅಷ್ಟಾವರಣ ಅಲ್ಲ, ಖೋ ಖೋ ಅಂಗಳ ಎಂದು. ನಗುತ್ತಾರೆ ಎಂದು ತಲೆ ತಗ್ಗಿಸಿದ್ದೆ. ಮುರುಗೆಪ್ಪ, “ನಮಗ ಮೇ ತಿಂಗಳದಾಗ ಗೊತ್ತಾತಪಾ. ನೀ ಬೇಜಾರಾಗ್ತಿ ಅಂತ ಸುಮ್ಮನಿದ್ವಿ” ಎಂದ. ಒಬ್ಬರೂ ಸಹಿ ಹಿಂದೆ ತೆಗೆದುಕೊಳ್ಳಲಿಲ್ಲ.

ಮೆಂಬರರದು ಒಂದೇ ಹಟ. ನಡುವೆ ಆಟದ ಅಂಗಳ ಇಟ್ಟರೆ ತಿರುಗಾಡುವವರು ಬಳಸಿ ಹೋಗುವುದಿಲ್ಲ, ಅಡ್ಡ ಹಾಯ್ದು ಹೋಗುತ್ತಾರೆ, ದಿನಾ ತಕರಾರು. “ನಾಳಿ ಬೆಳಿಗ್ಗಿ ಬಂದು ನೋಡ್ರಿ” ಎಂದೆ.

ಬಂದರು. ಹಿಂದೆ ಇಬ್ಬರು ಹಿಂಬಾಲಕರು. ನಾನು ಬೇಕಂತಲೇ ಅಂಗಳದ ಆ ಬದಿಗೆ ನಿಂತು ಕೈ ಬೀಸಿದೆ. ಮಾತಾಡುತ್ತ ನೇರ ನಡೆದು ಬಂದವರು ಗೆರೆ ಕಂಡ ಕೂಡಲೇ ನಿಂತರು. ಹೊಳೆವ್ವ ಆಗಷ್ಟೇ ಹಾಕಿ ಎದ್ದಿದ್ದಳು. ಮೆಂಬರರು ಬಲಕ್ಕೆ ಹೊರಳಿದರು, ಪೂರಾ ಅಂಗಳ ಬಳಸಿ ನನ್ನ ಹತ್ತಿರ ಬಂದರು. ಹಿಂಬಾಲಕರೂ ಹಾಗೆಯೇ.

“ನಟ್ಟ ನಡುವ ಬರಬಹುದಿತ್ತಲ್ರೀ ಸಾಹೇಬ್ರ?”

“ಏ, ರಂಗೋಲಿ ತುಳೀಬಾರದ್ರಿ ಸಾವ್ಕಾರ್ರ.”

“ಹಂಗಾರ ಮುಗೀತ್ರಿ. ದಾರಿ ಎಲ್ಲಿ ಬರಬೇಕಂತ ನಿಮ್ಮ ಕಾಲ ಹೇಳ್ಯಾವ.”

ಅವರು ಕೆಳಗೆ ತಮ್ಮ ಚಪ್ಪಲಿ ನೋಡಿಕೊಂಡರು. ಆಮೇಲೆ ಹೊಟ್ಟೆ ಕುಣಿಸಿ ನಕ್ಕರು. ಹದಿನೈದು ದಿನದಲ್ಲಿ ನಕ್ಷೆ ಮಂಜೂರಾಯಿತು, ಒಂದು ಗೆರೆಯೂ ಬದಲಾಗದೆ.

ಬಸಣ್ಣ


ಹುಬ್ಬಳ್ಳಿ
೨೦-೧೦-೧೯೯೯

ಚಿ. ಶಾಂಭವಿಗೆ ಕಾಕಾನ ಆಶೀರ್ವಾದ.

ಇತ್ತ ಎಲ್ಲರೂ ಕ್ಷೇಮ. ಈ ಸಲ ಖರೇ ಬರೆಯುತ್ತಿದ್ದೇನೆ.

ಚುನಾವಣೆಯ ಗದ್ದಲದಲ್ಲಿ ನಮ್ಮ ಉದ್ಯಾನದ ಉದ್ಘಾಟನೆಗೆ ಯಾರಿಗೂ ಪುರುಸೊತ್ತಾಗಲಿಲ್ಲ. ನಿನ್ನೆ ದಸರೆ ಬಂದೇ ಬಿಟ್ಟಿತು. ಬನ್ನಿಗೆ ಓಣಿ ಬಂದೇ ಬರುತ್ತದೆ, ಅದಕ್ಕೆ ಯಾರ ಅಪ್ಪಣೆ ಬೇಕು? ಗೇಟು ತೆಗೆದೆವು. ಬೀಗ ಹಾಕಿಸಿಯೇ ಇಲ್ಲ. ಕೆಂಪು ಮಣ್ಣಿನ ಮೇಲೆ ಮೊದಲ ಗೆರೆಯನ್ನು ನಿನ್ನ ಚಿಗವ್ವ ಎಳೆದಳು, ಎಲ್ಲರೂ ನೋಡುವ ಹಾಗೆ, ತನ್ನ ಬಟ್ಟಲಿನ ಪುಡಿಯಿಂದ. ಧಾರವಾಡದ ಹುಡುಗಿಯರನ್ನು ಪಂದ್ಯಕ್ಕೆ ಕರೆಸಿದ್ದೆವು. ದಾರಿಯ ಮೇಲೆ ಸುತ್ತಲೂ ಜನ, ಬನ್ನಿಕಟ್ಟೆಯ ಮೇಲೆ ಹಿರಿಯರು. ನನ್ನ ಹಳೆಯ ಬೋರ್ಡಿನ ಬೆನ್ನಿಗೆ ಶಾಬುದ್ದೀನ ಕಪ್ಪು ಬಣ್ಣ ಬಳಿದುಕೊಟ್ಟಿದ್ದ. ಅದರ ಮೇಲೆ ಅಂಕ ಬರೆಯುವ ಕೆಲಸ ನನ್ನದು. ಆಟ ನೋಡುತ್ತ ಎರಡು ಸಲ ತಪ್ಪು ಬರೆದೆ, ಹುಡುಗರು ಕೂಗಿ ತಿದ್ದಿಸಿದರು.

ಕೊನೆಯ ಸರದಿಯಲ್ಲಿ ಎರಡೂ ಕಡೆ ಸಮ ಸಮ. ಧಾರವಾಡದ ಒಬ್ಬಳೇ ಓಟಗಾರ್ತಿ ಉಳಿದಿದ್ದಳು, ಗಾಳಿಯಂಥ ಹುಡುಗಿ. ಹೊಳೆವ್ವನಿಗೆ ಖೋ ಸಿಕ್ಕಿತು. ಎದ್ದಳು, ಕಂಬದ ಕಡೆ ಓಡಿದಳು, ಅವಳು ಕಂಬ ಬಳಸುವಷ್ಟರಲ್ಲಿ ಇವಳು ಮೈಯನ್ನೇ ಎಸೆದಳು. ಬೆರಳ ತುದಿ ಹಿಮ್ಮಡಿಗೆ ತಾಗಿತು. ಸೀಟಿ! ಎದ್ದು ನಿಂತಾಗ ಮೈಯೆಲ್ಲ ಕೆಂಪು, ಮೊಣಕಾಲು ನೆಟ್ಟಗಿತ್ತು. ಒಂದೂ ಹಳ್ಳ ಇಲ್ಲದ ನೆಲ ಅದು. ನಾನು ಬೋರ್ಡು ಬಿಟ್ಟು ಕುಣಿದೆನಂತೆ, ನಿನ್ನ ಚಿಗವ್ವ ಹೇಳುತ್ತಾಳೆ. ಸುಳ್ಳಲ್ಲ.

ಈಗ ಮುಖ್ಯ ಮಾತು. ಹೊಳೆವ್ವ ಜಿಲ್ಲಾ ತಂಡಕ್ಕೆ ಆಯ್ಕೆಯಾಗಿದ್ದಾಳೆ, ಮುಂದಿನ ತಿಂಗಳು ದಾವಣಗೆರೆಗೆ ಹೋಗಬೇಕು. ಕಲ್ಲೇಶ ಒಪ್ಪಿರಲಿಲ್ಲ. ಅವನು ಮಗಳ ಆಟವನ್ನು ಒಂದು ದಿನವೂ ನೋಡಿದವನಲ್ಲ. ಅವನ ಪಾಳಿ ಮುಗಿಯುವಷ್ಟರಲ್ಲಿ ಆಟ ಮುಗಿದಿರುತ್ತಿತ್ತು. ನಿನ್ನೆ ಅವನೂ ದಾರಿಯ ಮೇಲೆ ಜನರ ನಡುವೆ ನಿಂತಿದ್ದ. ಸೀಟಿ ಊದಿದ ಮೇಲೆ ನೋಡುತ್ತೇನೆ, ಅಂಗಳದ ಆ ತುದಿಯಲ್ಲಿದ್ದ ಮಗಳ ಕಡೆ ಹೊರಟಿದ್ದಾನೆ. ಗೆರೆಯ ಹತ್ತಿರ ಬಂದು ತಡೆದು ನಿಂತ. ಆಟದಲ್ಲಿ ಅರ್ಧ ಗೆರೆ ಅಳಿಸಿಹೋಗಿತ್ತು, ಆದರೂ ತುಳಿಯಲಿಲ್ಲ. ಇಡೀ ಅಂಗಳ ಬಳಸಿ ನಡೆದ. ಜನ ದಾರಿ ಬಿಟ್ಟರು.

ಹೊಳೆವ್ವ ಬನ್ನಿ ಕೊಡಲು, ಕಾಲು ಮುಟ್ಟಲು ಬಗ್ಗಿದಳು. ಅವನು ಬಿಡಲಿಲ್ಲ. ತನ್ನ ಕೈಯಲ್ಲಿದ್ದ ಬನ್ನಿಯನ್ನು ತಾನೇ ಮೊದಲು ಅವಳ ಅಂಗೈಗೆ ಇಟ್ಟ. ಹಿರಿಯರು ಹಾಗೆ ಕೊಡುವುದಿಲ್ಲ, ನನ್ನ ಅರವತ್ತು ವರ್ಷದಲ್ಲಿ ನಾನು ಕಂಡಿರಲಿಲ್ಲ.

“ದಾವಣಗೇರಿ ಯಾಕವಾ, ಎಲ್ಲಿ ಬೇಕಾದಲ್ಲಿ ಹೋಗಿ ಆಡಿ ಬಾ” ಎಂದ.

ನಿನ್ನ ಬನ್ನಿ ಈ ವರ್ಷವೂ ಇನ್ನೂ ಬಂದಿಲ್ಲ. ಬರುವುದು ಬೇಡ, ಕಾಯುವುದಿಲ್ಲ. ಲಕೋಟೆಯಲ್ಲಿ ನಮ್ಮ ಬನ್ನಿಗಿಡದ ಎಲೆ ಇದೆ. ಮೊದಲು ನಾನೇ ಕೊಡುತ್ತಿದ್ದೇನೆ, ತಗೋ.

ನಿನ್ನ ಕಾಕಾ
ಬಸಣ್ಣ